ಸಮುದಾಯ ಜೈವಿಕ ಅನಿಲ ಘಟಕಗಳು: ತ್ಯಾಜ್ಯದಿಂದ ಇಂಧನ ಮತ್ತು ಗೊಬ್ಬರ

ಪೀಠಿಕೆ

ಗ್ರಾಮಗಳಲ್ಲಿ ಪ್ರತಿದಿನ ಉತ್ಪತ್ತಿಯಾಗುವ ಸಗಣಿ, ಅಡುಗೆಮನೆಯ ಹಸಿ ಕಸ ಹಾಗೂ ಸಂತೆಯ ತರಕಾರಿ ತ್ಯಾಜ್ಯವನ್ನು ಒಂದೆಡೆ ಸಂಗ್ರಹಿಸಿ, ಅದರಿಂದ ಇಂಧನ ಮತ್ತು ಗೊಬ್ಬರವನ್ನು ಪಡೆಯುವ ವ್ಯವಸ್ಥೆಯೇ ಸಮುದಾಯ ಜೈವಿಕ ಅನಿಲ ಘಟಕ. ಸ್ವಂತ ಜಾನುವಾರು ಅಥವಾ ಸ್ಥಳಾವಕಾಶವಿಲ್ಲದ ಕುಟುಂಬಗಳೂ ಇದರ ಪ್ರಯೋಜನ ಪಡೆಯಬಹುದಾಗಿದೆ.

ಕಾರ್ಯವಿಧಾನ

ಸಗಣಿಯನ್ನು ಸಮಪ್ರಮಾಣದ ನೀರಿನೊಂದಿಗೆ ಕಲಸಿ, ಗಾಳಿಯಾಡದ ತೊಟ್ಟಿಗೆ ಬಿಡಲಾಗುತ್ತದೆ. ಸ್ಥಳದ ಉಷ್ಣಾಂಶಕ್ಕೆ ಅನುಗುಣವಾಗಿ 30ರಿಂದ 55 ದಿನಗಳ ಅವಧಿಯಲ್ಲಿ ಸೂಕ್ಷ್ಮಾಣುಜೀವಿಗಳು ಇದನ್ನು ಕೊಳೆಯಿಸುತ್ತವೆ. ಆಗ ಹೊರಬರುವ ಅನಿಲದಲ್ಲಿ ಮೀಥೇನ್ ಸುಮಾರು ಶೇ. 55ರಿಂದ 65ರಷ್ಟಿದ್ದು, ಉಳಿದ ಬಹುಭಾಗ ಇಂಗಾಲದ ಡೈಆಕ್ಸೈಡ್ ಆಗಿರುತ್ತದೆ.

ದೊರೆಯುವ ಉತ್ಪನ್ನಗಳು

1. ಅಡುಗೆ ಅನಿಲ: ಹೊಗೆರಹಿತವಾಗಿದ್ದು, ಸೌದೆಯ ಬಳಕೆಯನ್ನು ತಗ್ಗಿಸುತ್ತದೆ.
2. ವಿದ್ಯುತ್: ಅನಿಲದಿಂದ ಎಂಜಿನ್ ನಡೆಸಿ ದೀಪ ಮತ್ತು ಪಂಪುಗಳಿಗೆ ಒದಗಿಸಬಹುದು.
3. ಸಂಪೀಡಿತ ಜೈವಿಕ ಅನಿಲ: ಅನಿಲವನ್ನು ಶುದ್ಧೀಕರಿಸಿ, ಮೀಥೇನ್ ಪ್ರಮಾಣವನ್ನು ಶೇ. 90ಕ್ಕಿಂತ ಹೆಚ್ಚಿಸಿದಲ್ಲಿ ವಾಹನಗಳಿಗೆ ಬಳಸಬಹುದು. 2022ರ ಫೆಬ್ರವರಿಯಲ್ಲಿ ಇಂದೋರ್ ನಗರದಲ್ಲಿ ಉದ್ಘಾಟನೆಗೊಂಡ, ದಿನಕ್ಕೆ 550 ಟನ್ ಹಸಿ ಕಸ ಸಂಸ್ಕರಿಸುವ ಸಾಮರ್ಥ್ಯದ ಘಟಕವು ಇದಕ್ಕೆ ನಿದರ್ಶನವಾಗಿದೆ.
4. ಬಗ್ಗಡ: ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಅಂಶಗಳುಳ್ಳ ಉತ್ತಮ ಗೊಬ್ಬರ.

ಬೇಡಿಕೆ ಮತ್ತು ಪೂರೈಕೆಯ ಲೆಕ್ಕ

ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿ.ಗ್ರಾಂ ಹಸಿ ಸಗಣಿ ಬೇಕಾಗುತ್ತದೆ. ಅಡುಗೆಗೆ ಒಬ್ಬ ವ್ಯಕ್ತಿಗೆ ದಿನವೊಂದಕ್ಕೆ ಸುಮಾರು 0.24 ಘನ ಮೀಟರ್ ಅನಿಲ ಅವಶ್ಯಕ. ಇದರಂತೆ ಐದು ಜನರ ಕುಟುಂಬಕ್ಕೆ ಪ್ರತಿದಿನ ಸುಮಾರು 30 ಕಿ.ಗ್ರಾಂ ಸಗಣಿ ಬೇಕು. ದಿನಕ್ಕೆ 250 ಕಿ.ಗ್ರಾಂ ಸಗಣಿ ದೊರೆಯುವಲ್ಲಿ ಎಂಟು ಕುಟುಂಬಗಳ ಅಡುಗೆ ಮಾತ್ರ ಸಾಧ್ಯ. ಆದ್ದರಿಂದ ಘಟಕದ ಗಾತ್ರವನ್ನು ಜನಸಂಖ್ಯೆಯ ಆಧಾರದ ಮೇಲಲ್ಲದೆ, ನಿತ್ಯ ಕೈಗೆ ಬರುವ ತ್ಯಾಜ್ಯದ ಆಧಾರದ ಮೇಲೆ ನಿರ್ಧರಿಸತಕ್ಕದ್ದು.

ಪುರ ಗ್ರಾಮದ ಅನುಭವ

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರವು ಸಮುದಾಯ ಘಟಕವನ್ನು ರೂಪಿಸಿತು. ಪ್ರೊ. ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ಕೇಂದ್ರವಿದು. ಮೊದಲಿಗೆ ಎಲ್ಲ ಮನೆಗಳಿಗೂ ಅಡುಗೆ ಅನಿಲ ನೀಡುವ ಉದ್ದೇಶವಿತ್ತು. ದೊರೆಯುವ ಸಗಣಿ ಅದಕ್ಕೆ ಸಾಲದಾಯಿತು. ಬಳಿಕ 1987ರಲ್ಲಿ ಅದೇ ಅನಿಲದಿಂದ ಡೀಸೆಲ್ ಸಹಿತ ಎಂಜಿನ್ ನಡೆಸಿ, ಮನೆಗಳಿಗೆ ದೀಪ ಮತ್ತು ಕೊಳವೆಬಾವಿಯ ಕುಡಿಯುವ ನೀರನ್ನು ಒದಗಿಸಲಾಯಿತು. ತಂದ ಸಗಣಿಯನ್ನು ತೂಗಿ, ಕಿಲೋಗ್ರಾಂಗೆ 2 ಪೈಸೆ ಪಾವತಿಸಲಾಗುತ್ತಿತ್ತು. ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಅವರವರ ಪಾಲಿನ ಗೊಬ್ಬರವನ್ನು ಹಿಂದಿರುಗಿಸಲಾಗುತ್ತಿತ್ತು. ಕೊಟ್ಟದ್ದಕ್ಕೆ ಪ್ರತಿಫಲವಿದ್ದುದರಿಂದಲೂ, ನೀರು ಮತ್ತು ಬೆಳಕು ಎಲ್ಲರಿಗೂ ದೊರೆತುದರಿಂದಲೂ ಗ್ರಾಮಸ್ಥರ ಸಹಕಾರ ಲಭಿಸಿತು.

ಯೋಜನೆಗಳ ನೆರವು

ಕೇಂದ್ರ ಸರ್ಕಾರವು 2018ರ ಏಪ್ರಿಲ್‌ನಲ್ಲಿ ಗೋಬರ್ಧನ್ ಯೋಜನೆಗೆ ಚಾಲನೆ ನೀಡಿತು. 2020ರಲ್ಲಿ ಅನುಮೋದನೆಗೊಂಡ ಸ್ವಚ್ಛ ಭಾರತ ಮಿಷನ್ (ಗ್ರಾಮೀಣ) ಎರಡನೇ ಹಂತದಲ್ಲಿ ಮಾದರಿ ಸಮುದಾಯ ಘಟಕಗಳಿಗಾಗಿ ಪ್ರತಿ ಜಿಲ್ಲೆಗೆ ಗರಿಷ್ಠ ರೂ. 50 ಲಕ್ಷದ ನೆರವಿಗೆ ಅವಕಾಶ ಕಲ್ಪಿಸಲಾಯಿತು.

ಗ್ರಾಮ ಪಂಚಾಯಿತಿಗಳು ಗಮನಿಸಬೇಕಾದ ಅಂಶಗಳು

1. ನಿರ್ಮಾಣಕ್ಕೆ ಮೊದಲು ಕೆಲವು ವಾರಗಳ ಕಾಲ ತ್ಯಾಜ್ಯವನ್ನು ತೂಗಿ ದಾಖಲಿಸುವುದು. ಜಾನುವಾರು ಬಯಲಿಗೆ ಮೇಯಲು ಹೋದಾಗ ಬೀಳುವ ಸಗಣಿಯನ್ನು ಲೆಕ್ಕಕ್ಕೆ ಹಿಡಿಯಬಾರದು.
2. ಹಸಿ ಕಸದೊಂದಿಗೆ ಪ್ಲಾಸ್ಟಿಕ್, ಗಾಜು, ಮಣ್ಣು ಬೆರೆಯದಂತೆ ಮನೆಯಲ್ಲಿಯೇ ವಿಂಗಡಿಸುವುದು.
3. ಸಗಣಿಯ ದರ, ಗೊಬ್ಬರದ ಪಾಲು ಮತ್ತು ಅನಿಲದ ಶುಲ್ಕವನ್ನು ಗ್ರಾಮಸಭೆಯಲ್ಲಿ ಮುಂಚಿತವಾಗಿ ತೀರ್ಮಾನಿಸುವುದು.
4. ನಿರ್ವಾಹಕರ ವೇತನ ಹಾಗೂ ದುರಸ್ತಿ ವೆಚ್ಚಕ್ಕೆ ಪ್ರತ್ಯೇಕ ಲೆಕ್ಕವಿಡುವುದು. ನಿರ್ಮಾಣದ ಅನುದಾನವು ಒಮ್ಮೆ ಬರುವಂಥದ್ದು. ನಿರ್ವಹಣಾ ವೆಚ್ಚ ಪ್ರತಿ ತಿಂಗಳೂ ಇರುತ್ತದೆ.

ಎಚ್ಚರಿಕೆ

ತೊಟ್ಟಿಯಲ್ಲಿ ಮೀಥೇನ್ ಮತ್ತು ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಇರುವ ಸಂಭವವಿರುತ್ತದೆ. ಆದುದರಿಂದ ಸ್ವಚ್ಛತೆಗಾಗಲೀ, ಒಳಗೆ ಬಿದ್ದವರನ್ನು ರಕ್ಷಿಸುವುದಕ್ಕಾಗಲೀ ಸುರಕ್ಷತಾ ಸಾಧನಗಳಿಲ್ಲದೆ ಯಾರೂ ಒಳಗೆ ಇಳಿಯಬಾರದು. ಘಟಕದ ಸಮೀಪ ಬೆಂಕಿ ಹಚ್ಚುವುದನ್ನು ಕಡ್ಡಾಯವಾಗಿ ನಿಷೇಧಿಸತಕ್ಕದ್ದು.