ಚಾವುಂಡರಾಯನ ಬಿರುದುಗಳೂ ಅಹಿಂಸಾವ್ರತವೂ

ಗಂಗರ ಮಾರಸಿಂಹನಿಗೂ ಅವನ ತರುವಾಯ ರಾಚಮಲ್ಲನಿಗೂ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು, 978ರಲ್ಲಿ ರಚಿತವಾದ ತನ್ನ ಪುರಾಣದಲ್ಲಿ, ತನ್ನ ಬಿರುದುಗಳನ್ನೂ ಅವು ಬಂದ ಕಾರಣಗಳನ್ನೂ ತಿಳಿಸಿದ್ದಾನೆ. ವೀರಮಾರ್ತಂಡ, ರಣರಂಗಸಿಂಗ, ಸಮರಪರಶುರಾಮ ಎಂಬಿವು ಒಂದು ಬಗೆಯವು. ಸಮ್ಯಕ್ತ್ವರತ್ನಾಕರ, ಶೌಚಾಭರಣ, ಸತ್ಯಯುಧಿಷ್ಠಿರ ಎಂಬಿವು ಮತ್ತೊಂದು ಬಗೆಯವು. ಹಾಸ್ಯಕ್ಕಾದರೂ ಸುಳ್ಳಾಡದವನಾದುದರಿಂದ ಕೊನೆಯದು ಬಂದಿತಂತೆ. ಅಜಿತಸೇನರ ಶಿಷ್ಯನೂ, ಆಚಾರಧರ್ಮವನ್ನು ನಿರೂಪಿಸುವ ಸಂಸ್ಕೃತ ಚಾರಿತ್ರಸಾರದ ಕರ್ತನೂ ಆದವನಲ್ಲಿ ಈ ಎರಡು ಬಗೆಗಳೂ ಹೇಗೆ ಕೂಡಿದುವು?

ಇದಕ್ಕೆ ವಾಡಿಕೆಯ ಸಮಾಧಾನವೊಂದುಂಟು. ಮಹಾವ್ರತವು ಮುನಿಗಳಿಗೆ, ಅಣುವ್ರತವು ಶ್ರಾವಕರಿಗೆ. ಸಂಕಲ್ಪಪೂರ್ವಕವಾದ ಕೊಲೆಯನ್ನು ಬಿಟ್ಟರೆ ಗೃಹಸ್ಥನ ವ್ರತಕ್ಕೆ ಭಂಗವಿಲ್ಲ. ರಾಜ್ಯರಕ್ಷಣೆಗಾಗಿ ಶಸ್ತ್ರಹಿಡಿಯುವುದು ಕ್ಷತ್ರಿಯನ ಕರ್ತವ್ಯ. ನೊಳಂಬರೊಡನೆ ಮಾಡಿದ ಯುದ್ಧಕ್ಕೆ ಈ ಮಾತು ಸಾಕು. ಸಮರಪರಶುರಾಮನೆಂಬ ಬಿರುದಿಗೆ ಮಾತ್ರ ಸಾಲದು. ತಮ್ಮನಾದ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಕೊಂದುದರಿಂದ ಬಂದ ಹೆಸರದು. ತಂದೆಯ ವಧೆಗಾಗಿ ಹಗೆ ತೀರಿಸಿದವನ ಹೆಸರನ್ನೇ ಆರಿಸಿಕೊಂಡಿರುವಲ್ಲಿ ಸಂಕಲ್ಪವಿರಲಿಲ್ಲವೆಂದು ಹೇಳುವುದು ಕಷ್ಟ.

ಇಂತಹವನು ಸುಮಾರು 981ರಲ್ಲಿ ಬೆಳ್ಗೊಳದ ಬೆಟ್ಟದಲ್ಲಿ ಯಾರ ಮೂರ್ತಿಯನ್ನು ಮಾಡಿಸಿದನೆಂಬುದನ್ನು ಗಮನಿಸಬೇಕು. ಭರತ ಬಾಹುಬಲಿಗಳ ಕಲಹದಲ್ಲಿ ಸೇನೆಗಳು ಹೋರಲಿಲ್ಲ. ದೃಷ್ಟಿ, ಜಲ, ಮಲ್ಲ ಎಂಬ ಮೂರು ಯುದ್ಧಗಳಿಂದ ಅಣ್ಣತಮ್ಮಂದಿರೇ ಅದನ್ನು ತೀರಿಸಿಕೊಂಡರು. ಮೂರರಲ್ಲಿಯೂ ಗೆದ್ದ ಬಾಹುಬಲಿಯು, ಎತ್ತಿಹಿಡಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸಲಿಲ್ಲ; ಅವನು ತನ್ನ ಮೇಲೆ ಚಕ್ರವನ್ನು ಪ್ರಯೋಗಿಸಿದ ಮೇಲೂ ಹಗೆ ಸಾಧಿಸದೆ ತಪಸ್ಸಿಗೆ ಹೋದನು. ತಮ್ಮನ ಹಗೆ ತೀರಿಸಿದವನು ಈ ಕಥೆಯನ್ನೇ ಕಲ್ಲಿನಲ್ಲಿ ನಿಲ್ಲಿಸಿದುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಪಶ್ಚಾತ್ತಾಪವೆಂದು ಹೇಳಲು ಆಧಾರವಿಲ್ಲ. ತಾನು ಮುಟ್ಟಲಾರದ ಆದರ್ಶವನ್ನು ಅವನು ಬಲ್ಲನೆಂದಷ್ಟೇ ಹೇಳಬಹುದು. ಮೂರ್ತಿಯ ಪಾದದ ಬಳಿಯ ಶಾಸನದಲ್ಲಿ ಮಾಡಿಸಿದವನ ಹೆಸರುಂಟು, ಬಿರುದೊಂದೂ ಇಲ್ಲ. (ಗುಳ್ಳಕಾಯಜ್ಜಿಯ ಐತಿಹ್ಯವೂ ಅವನಲ್ಲಿ ಕಂಡ ದೋಷ ಗರ್ವವೇ ಹೊರತು ಹಿಂಸೆಯಲ್ಲ, ಜನರ ನೆನಪು ಪಂಡಿತರಿಗಿಂತ ಉದಾರವಾದುದು.)

ಆದರೆ ಅದೇ ಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದ ಮೇಲೆ ಅವನ ಪ್ರಶಸ್ತಿಯನ್ನು ಕೆತ್ತಿದ್ದಿತು. ಸುಮಾರು 1200ರಲ್ಲಿ ಹೆಗ್ಗಡೆ ಕಣ್ಣನೆಂಬುವನು ತನ್ನ ಎರಡೂವರೆ ಪಂಕ್ತಿಗಳಿಗಾಗಿ ಅದರ ಮೂರು ಮುಖಗಳನ್ನು ಅಳಿಸಿದಂತೆ ಕಾಣುತ್ತದೆ. ಗೊಮ್ಮಟನನ್ನು ಮಾಡಿಸಿದ ವೃತ್ತಾಂತವು ಅಲ್ಲಿ ಇದ್ದಿರಬಹುದು. ಉಳಿದ ಒಂದು ಮುಖದಲ್ಲಿರುವುದು ಅವನ ಕುಲದ ಹೊಗಳಿಕೆ ಮತ್ತು ಯುದ್ಧಗಳ ವರ್ಣನೆ.