ಋಣಕ್ಕೆ ಹಾಕಿದ ಬೇಲಿ

‘ಸಾಲಗಾರ’ ಎಂಬ ನಮ್ಮ ಮಾತು ವಿಚಿತ್ರವಾದದ್ದು. ಸಾಲ ಮಾಡಿದವನು ಸಾಲಗಾರ. “ಮನೆ ಮುಂದೆ ಸಾಲಗಾರರು ಬಂದು ಕೂತಿದ್ದಾರೆ” ಎಂದಾಗ ಸಾಲ ಕೊಟ್ಟವನೂ ಸಾಲಗಾರನೇ. ಒಂದೇ ಹಗ್ಗದ ಎರಡು ತುದಿ ಹಿಡಿದ ಇಬ್ಬರಿಗೂ ಹಿರಿಯರು ಒಂದೇ ಹೆಸರಿಟ್ಟರು. ಕೊಟ್ಟವನು ಆ ಹಗ್ಗವನ್ನು ಎಷ್ಟರ ಮಟ್ಟಿಗೆ ಎಳೆಯಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಸಾವಿರ ವರ್ಷಗಳಿಂದ ಚರ್ಚೆಯಲ್ಲಿದೆ. ಹೊಯ್ಸಳರ ಸೀಮೆಯಾದ ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ಓಡಾಡುವಾಗಲೆಲ್ಲ ನನಗೆ ಈ ಪ್ರಶ್ನೆ ಎದುರಾಗುತ್ತದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೆ ಒಂದು ಗರುಡಗಂಬವಿದೆ. ಶಿಲ್ಪಗಳ ಸೊಬಗಿಗೆ ಮರುಳಾದ ಪ್ರವಾಸಿಗರು ಅದರತ್ತ ಹೆಚ್ಚು ಗಮನ ಕೊಡುವುದಿಲ್ಲ. ತಮ್ಮ ಕತ್ತನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಚಿತ್ರಗಳು ಅದರ ಮೇಲಿವೆ. ಇಮ್ಮಡಿ ವೀರಬಲ್ಲಾಳನು 1220ರ ಸುಮಾರಿಗೆ ತೀರಿಕೊಂಡಾಗ ಅವನ ಆಪ್ತನಾದ ಕುವರ ಲಕ್ಷ್ಮನು ತನ್ನ ಹೆಂಡತಿ ಮತ್ತು ಪರಿವಾರದೊಡನೆ ಪ್ರಾಣ ಬಿಟ್ಟ ಕತೆಯನ್ನು ಅಲ್ಲಿಯ ಶಾಸನ ಹೇಳುತ್ತದೆ. ಹಳಗನ್ನಡ ಶಾಸನಗಳಲ್ಲಿ ‘ಜೋಳವಾಳಿ’ ಎಂಬ ಮಾತು ಬರುತ್ತದೆ. ಒಡೆಯನ ಜೋಳವನ್ನು ಉಂಡವನು ಹೊತ್ತ ಕರ್ತವ್ಯ ಅದು, ಅನ್ನದ ಋಣ. ಈ ಋಣಕ್ಕೆ ಪತ್ರವಿಲ್ಲ, ಬಡ್ಡಿಯಿಲ್ಲ, ವಾಯಿದೆಯೂ ಇಲ್ಲ. ಆದುದರಿಂದಲೇ ಅದಕ್ಕೆ ಮಿತಿಯೂ ಇಲ್ಲ. ಪ್ರಾಣ ಕೊಟ್ಟರೇ ಅದು ತೀರಬೇಕು.

ಆದರೆ ಅದೇ ಕಾಲದ ಪೇಟೆಯ ಋಣಕ್ಕೆ ಲೆಕ್ಕವಿತ್ತು. ಅರಸೀಕೆರೆ ಆಗ ವರ್ತಕರ ದೊಡ್ಡ ಊರು. ಅಲ್ಲಿಯ ಈಶ್ವರ ದೇವಾಲಯವೂ ಮಂತ್ರಿ ರೇಚರಸನು ಕಟ್ಟಿಸಿದ ಸಹಸ್ರಕೂಟ ಬಸದಿಯೂ 1220ರ ಸುಮಾರಿನವು. ಹೊಯ್ಸಳ ಕಾಲದ ದೇವಾಲಯ ಪೂಜೆಯ ಮನೆಯೂ ಹೌದು, ಹಣದ ಮನೆಯೂ ಹೌದು. ಭಕ್ತರು ಭಂಡಾರಕ್ಕೆ ಗದ್ಯಾಣಗಳನ್ನು ಒಪ್ಪಿಸುತ್ತಿದ್ದರು. ಅಸಲು ಕರಗಕೂಡದು, ಅದರಿಂದ ಬರುವ ಬಡ್ಡಿಯಿಂದ ನಂದಾದೀವಿಗೆ ಉರಿಯಬೇಕು, ನೈವೇದ್ಯ ನಡೆಯಬೇಕು. ದೇವರ ಮುಂದೆ ದೀಪ ಆರದಿರಬೇಕಾದರೆ ಎಲ್ಲಿಯೋ ಒಬ್ಬನು ತಿಂಗಳು ತಿಂಗಳೂ ಬಡ್ಡಿ ಕಟ್ಟುತ್ತಲೇ ಇರಬೇಕಲ್ಲವೆ? ಅವನ ಹೆಸರನ್ನು ಮಾತ್ರ ಕಲ್ಲಿನಲ್ಲಿ ಕೆತ್ತುವ ವಾಡಿಕೆ ಇರಲಿಲ್ಲ.

ಅವನನ್ನು ಕುರಿತು ಚಿಂತಿಸಿದವರು ಧರ್ಮಶಾಸ್ತ್ರಕಾರರು. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದಾಗ, ಹೊಯ್ಸಳರಿಗೆ ಹೆಸರಿಗಾದರೂ ಸಾರ್ವಭೌಮನಾಗಿದ್ದವನು ಕಲ್ಯಾಣದ ಆರನೆಯ ವಿಕ್ರಮಾದಿತ್ಯ. ಅವನ ಆಸ್ಥಾನದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನದಲ್ಲಿ ಸಾಲದ ಪ್ರಕರಣ ವಿಸ್ತಾರವಾಗಿದೆ. ಅಡವಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಪಾಲು ಬಡ್ಡಿ. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ನೂರಕ್ಕೆ 15. ಅಡವಿಲ್ಲದಿದ್ದರೆ ಸಾಲ ಪಡೆದವನ ವರ್ಣವನ್ನು ನೋಡಿ ತಿಂಗಳಿಗೆ ನೂರಕ್ಕೆ 2ರಿಂದ 5. ಬ್ರಾಹ್ಮಣನಿಗೆ ಕಡಿಮೆ, ಶೂದ್ರನಿಗೆ ಹೆಚ್ಚು. ಕಾಡುದಾರಿಯ ವ್ಯಾಪಾರಿಗೆ 10, ಕಡಲ ವ್ಯಾಪಾರಿಗೆ 20. ವ್ಯಾಪಾರಿಯ ಅಪಾಯಕ್ಕೆ ಹೆಚ್ಚು ಬಡ್ಡಿ ಎಂಬುದು ಅರ್ಥವಾಗುವ ಮಾತು. ಆದರೆ ಕೈಯಲ್ಲಿ ಕಡಿಮೆ ಇದ್ದವನೇ ಹೆಚ್ಚು ತೆರಬೇಕಾದ ಅನ್ಯಾಯ ಆ ಪಟ್ಟಿಯಲ್ಲಿದೆ. ಅದನ್ನು ಮರೆಮಾಚಿ ಹಳೆಯದನ್ನೆಲ್ಲ ಹೊಗಳುವುದು ಸರಿಯಲ್ಲ.

ಇಷ್ಟಾದರೂ ಅದೇ ಗ್ರಂಥ ಸಾಲ ಕೊಟ್ಟವನ ಸುತ್ತ ಬೇಲಿಯನ್ನೂ ಹಾಕಿತು. ಹೊನ್ನಿನ ಸಾಲ ಬೆಳೆದು ಬೆಳೆದು ಅಸಲಿನ ಎರಡರಷ್ಟಕ್ಕೆ ನಿಲ್ಲಬೇಕು, ಧಾನ್ಯದ್ದು ಮೂರರಷ್ಟಕ್ಕೆ, ಬಟ್ಟೆಯದು ನಾಲ್ಕರಷ್ಟಕ್ಕೆ. ತಂದೆ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲ ಮಗನ ತಲೆಗೆ ಬರುವುದಿಲ್ಲ. ಕಂತಿನಲ್ಲಿ ಹಣ ಸಂದಾಯವಾದರೆ ಪತ್ರದ ಬೆನ್ನಿಗೆ ಬರೆಯಬೇಕು. ಪೂರ್ತಿ ತೀರಿದರೆ ಪತ್ರವನ್ನು ಹರಿದುಹಾಕಬೇಕು. ಹೊನ್ನಿನ ಮಿತಿಯನ್ನು ‘ದಾಮದುಪ್ಪಟ್’ ಎಂಬ ಹೆಸರಿನಲ್ಲಿ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲೂ ಮಾನ್ಯ ಮಾಡಿದ್ದವು.

ಸಾಲ ವಸೂಲಿಗೆ ಶಾಸ್ತ್ರಕಾರರು ಹೇಳಿದ ಉಪಾಯಗಳು ಐದು: ಒಳ್ಳೆಯ ಮಾತು, ನ್ಯಾಯಾಲಯ, ಉಪಾಯದ ಮೋಸ, ಬಾಗಿಲಲ್ಲಿ ಕೂತು ಒತ್ತಾಯಿಸುವ ಆಚಾರ, ಕೊನೆಗೆ ಬಲ. ನಾಲ್ಕನೆಯದೇ ನಮ್ಮ ‘ಧರಣಿ’. ಈಗ ಚಳವಳಿಗಾರರ ಮಾತಾಗಿರುವ ಅದು ಒಂದು ಕಾಲಕ್ಕೆ ಸಾಲ ಕೊಟ್ಟವನ ಆಯುಧ. ಅವನು ಉಪವಾಸ ಕೂತು ಸತ್ತರೆ ಪಾಪ ಮನೆಯವನಿಗೆ! ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ ಇನ್ನೊಂದು ವಿಧಾನವನ್ನು ಬರೆದಿಟ್ಟಿದ್ದಾನೆ. ಸಾಲ ಕೊಟ್ಟವನು ಸಾಲಿಯ ಸುತ್ತ ನೆಲದ ಮೇಲೆ ಗೆರೆ ಎಳೆದರೆ, ತೀರಿಸುವವರೆಗೆ ಅವನು ಆ ಗೆರೆ ದಾಟುವಂತಿಲ್ಲ. ಪರದೇಶದ ವರ್ತಕನೊಬ್ಬ ಹೀಗೆ ಗೆರೆ ಎಳೆದಾಗ ಸ್ವತಃ ಅರಸನೇ ಕುದುರೆಯನ್ನು ನಿಲ್ಲಿಸಿ ಬಾಕಿ ಸಲ್ಲಿಸಿದನಂತೆ. ಧರಣಿ ಬಹಳ ಕಾಲ ಉಳಿಯಿತು. 1860ರ ಭಾರತೀಯ ದಂಡಸಂಹಿತೆ, ದೇವರ ಕೋಪದ ಭಯ ಹುಟ್ಟಿಸಿ ಬಾಗಿಲಲ್ಲಿ ಕೂರುವುದನ್ನು ಅಪರಾಧವೆಂದು ಹೆಸರಿಸಿಯೇ ಹೇಳಬೇಕಾಯಿತು.

ಅರಸೀಕೆರೆಯ ಕಡೆ ಸಾಲ ಹುಟ್ಟುವ ಬಗೆಯನ್ನು ತಿಳಿಯಬೇಕಾದರೆ ಮನೆಯ ಅಟ್ಟವನ್ನು ನೋಡಬೇಕು. ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಒಣಗಬೇಕು. ಕಾಯಿಗೆ ಅವಸರವಿಲ್ಲ, ಮಗಳ ಮದುವೆ, ಶಾಲೆಯ ಫೀಸು, ಬಿತ್ತನೆ ಇವಕ್ಕೆ ಅವಸರ. ಅಟ್ಟದ ಮೇಲೆ ಸಂಪತ್ತು, ಕೆಳಗೆ ಬರಿಗೈ. ಈ ಅಂತರದಲ್ಲಿಯೇ ಮಂಡಿಯವರ ಮುಂಗಡ, ಕೈಸಾಲ, ಪ್ರೋನೋಟುಗಳು ಒಳಗೆ ಬರುತ್ತವೆ. ನಮ್ಮ ಮನೆಯ ಹಳೆಯ ಟ್ರಂಕಿನಲ್ಲಿ ಅಜ್ಜನ ಕಾಲದ ಕೆಲವು ಪ್ರೋನೋಟುಗಳಿದ್ದವು. ಬೆನ್ನಿಗೆ ಸಂದಾಯದ ಷರಾಗಳು. ಸ್ಟ್ಯಾಂಪಿನ ಮೇಲೆ ಅಡ್ಡಲಾಗಿ ಹರಿದ ಗುರುತು. ಅಜ್ಜ ಸಂಸ್ಕೃತ ಓದಿದವರಲ್ಲ. ಆದರೂ ವಿಜ್ಞಾನೇಶ್ವರ ವಿವರಿಸಿದ್ದ ಕ್ರಮ ಪೇಟೆಯ ಬೀದಿಯಲ್ಲಿ ಎಂಟು ನೂರು ವರ್ಷ ಬಾಳಿ ಅವರ ಟ್ರಂಕಿಗೆ ಬಂದು ಸೇರಿತ್ತು.

ಹರಿಯದೆ ಉಳಿದ ಪತ್ರಗಳ ಕತೆ ಬೇರೆ. 1875ರಲ್ಲಿ ಪುಣೆಯ ಸೀಮೆಯ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಫಲ 1879ರ ಡೆಕ್ಕನ್ ವ್ಯವಸಾಯಗಾರರ ಪರಿಹಾರ ಕಾಯಿದೆ. ಪತ್ರದಲ್ಲಿ ಬರೆದ ಮೊತ್ತವನ್ನು ಹಾಗೆಯೇ ನಂಬದೆ ಮೊದಲಿನಿಂದ ಲೆಕ್ಕ ತೆಗೆಯುವ ಅಧಿಕಾರವನ್ನು ಅದು ನ್ಯಾಯಾಧೀಶರಿಗೆ ಕೊಟ್ಟಿತು. ಮೈಸೂರು ಸಂಸ್ಥಾನವೂ 1928ರಲ್ಲಿ ಅಂಥದೊಂದು ಕಾಯಿದೆ ಮಾಡಿತು. ದೇವರಾಜ ಅರಸರ ಸರಕಾರ ಇನ್ನೂ ಮುಂದೆ ಹೋಗಿ 1976ರ ಋಣ ಪರಿಹಾರ ಕಾಯಿದೆಯಲ್ಲಿ ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಳ ಖಾಸಗಿ ಸಾಲವನ್ನೇ ಅಳಿಸಿತು. ಸಾಲದ ಹೆಸರಿನ ಜೀತವನ್ನು ನಿಷೇಧಿಸಿದ ಕೇಂದ್ರ ಶಾಸನವೂ ಅದೇ ವರ್ಷದ್ದು. 2019ರ ಜುಲೈಯಲ್ಲಿ, ಹಾಸನ ಜಿಲ್ಲೆಯವರೇ ಆದ ಎಚ್. ಡಿ. ಕುಮಾರಸ್ವಾಮಿಯವರು ಅಧಿಕಾರ ಬಿಡುವ ಹೊತ್ತಿಗೆ, ಮತ್ತೊಂದು ಋಣ ಪರಿಹಾರ ಕಾಯಿದೆ ಜಾರಿಗೆ ಬಂತು.

ಒಮ್ಮೆ ಅಳಿಸಿದ ಸಾಲ ಮತ್ತೆ ಮತ್ತೆ ಏಕೆ ಹುಟ್ಟುತ್ತದೆ ಎಂದು ಓದುಗರು ಕೇಳಬಹುದು. ಕಾಯಿದೆ ಹಳೆಯ ಪತ್ರವನ್ನು ಹರಿಯಬಲ್ಲದು. ಮುಂದಿನ ಬಿತ್ತನೆಗೆ ಹಣ ಕೊಡಲಾರದು. ಕಾಯಿ ಅಟ್ಟದಲ್ಲಿರುವಷ್ಟು ದಿನ ನ್ಯಾಯವಾದ ಬಡ್ಡಿಗೆ ಯಾರಾದರೂ ಹಣ ಕೊಡಬೇಕು. ಸಹಕಾರ ಸಂಘವಾಗಲಿ ಬ್ಯಾಂಕಾಗಲಿ ಕೊಡದಿದ್ದಲ್ಲಿ ರೈತ ಮತ್ತೆ ಅದೇ ಹಳೆಯ ಬಾಗಿಲಿಗೆ ಹೋಗುತ್ತಾನೆ. ಈಚೆಗೆ ಅವನಿಗಿಂತ ಹೆಚ್ಚಾಗಿ ಅವನ ಹೆಂಡತಿ ಹೋಗುತ್ತಾಳೆ. ಮೈಕ್ರೋ ಫೈನಾನ್ಸ್ ಸಾಲಕ್ಕೆ ಅಡವು ಬೇಡ. ಗುಂಪಿನ ಹೆಂಗಸರು ಒಬ್ಬರಿಗೊಬ್ಬರು ಹೊಣೆ. ಒಬ್ಬಾಕೆಯ ವಾರದ ಕಂತು ತಪ್ಪಿದರೆ ಉಳಿದವರು ತುಂಬಬೇಕು. ಹಿಂದೆ ಅಡವಿಟ್ಟದ್ದು ಓಲೆ, ಬಳೆ. ಇಲ್ಲಿ ಅಡವಿಟ್ಟದ್ದು ಮಾನ, ನೆರೆಹೊರೆ. ಮಾರ್ಕೊ ಪೋಲೊ ಕಂಡ ಗೆರೆಯನ್ನು ಈಗ ಪಕ್ಕದ ಮನೆಯವಳೇ ಎಳೆಯಬೇಕಾಗಿದೆ.

ಈ ಗೆರೆಗೂ ಬೇಲಿ ಹಾಕುವ ಕೆಲಸ ನಡೆದಿದೆ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಇಂಥ ಸಾಲದ ವಸೂಲಿಗೆ ಬೆಳಗ್ಗೆ 9ರ ಮೊದಲು, ಸಂಜೆ 6ರ ನಂತರ ಕರೆ ಮಾಡಕೂಡದು, ಬಂಧುಗಳನ್ನು ಪೀಡಿಸಕೂಡದು, ಬಾಕಿದಾರರ ಹೆಸರನ್ನು ಸಾರಕೂಡದು. ಇಬ್ಬರೂ ಒಪ್ಪಿದ ಜಾಗಕ್ಕೆ ಸತತ ಎರಡು ಬಾರಿ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು. ವಸೂಲಿಯ ಕಿರುಕುಳ ತಾಳದೆ ಪ್ರಾಣ ಕಳೆದುಕೊಂಡವರ ಸುದ್ದಿ ನಾಡಿನ ಹಲವು ಕಡೆಯಿಂದ ಬಂದಾಗ, ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ.

ಸಾಲ ತೀರಿಸಲೇಬೇಕು ಎಂಬ ಮಾತನ್ನು ನಮ್ಮ ಜನ ಎಂದೂ ಬಿಟ್ಟುಕೊಟ್ಟವರಲ್ಲ. ‘ಋಣ ಹರಿಯಿತು’ ಎಂಬಲ್ಲಿ ನಮಗೆ ಸಿಗುವ ನೆಮ್ಮದಿ ಬೇರೆ ಮಾತಿನಲ್ಲಿ ಸಿಗದು. ಆದರೆ ಹಣದ ಋಣ ಹರಿಯಬೇಕಾದದ್ದು ಪತ್ರದೊಡನೆ, ಪ್ರಾಣದೊಡನೆ ಅಲ್ಲ. ಕುವರ ಲಕ್ಷ್ಮನು ತೀರಿಸಿದ ಋಣಕ್ಕೆ ಮಿತಿ ಇರಲಿಲ್ಲ, ಅದಕ್ಕೆ ಕಲ್ಲಿನ ಕಂಬ ಎದ್ದಿತು. ವಾರದ ಕಂತು ಕಟ್ಟಲಾರದೆ ಸತ್ತ ಹೆಣ್ಣುಮಗಳಿಗೆ ಯಾರೂ ಕಂಬ ನೆಡುವುದಿಲ್ಲ. ಕಾಯಿದೆಯ ಪುಸ್ತಕದಲ್ಲಿರುವ ಬೇಲಿ ಅವಳ ಮನೆಯ ಬಾಗಿಲವರೆಗೂ ಬರುವಂತೆ ನೋಡಿಕೊಳ್ಳುವುದು ಉಳಿದವರಾದ ನಮ್ಮ ಮೇಲಿರುವ ಋಣ.