ಮುಚ್ಚಬಾರದ ದಾರಿ

ವಾರಕ್ಕೆ ಮೂರು ಬಾರಿ ನನ್ನ ತಮ್ಮನನ್ನು ಹರಿಹರದಿಂದ ದಾವಣಗೆರೆಗೆ ಡಯಾಲಿಸಿಸ್‌ಗಾಗಿ ಕರೆದೊಯ್ಯುತ್ತೇನೆ. ಅವನು ಭದ್ರಾ ನಾಲೆಯ ಕೊನೆಯಂಚಿನ ರೈತ. ಹೂಳು ತುಂಬಿದರೆ ನೀರು ಬಾರದೆಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಅವನ ಕತ್ತಿನ ಬುಡದ ಕೊಳವೆಗೂ ಅದೇ ಭಯ: ರಕ್ತ ಹೆಪ್ಪುಗಟ್ಟೀತು. ಕಳೆದ ತಿಂಗಳು ಒಂದು ಕವಲು ಕಟ್ಟಿಕೊಂಡು, ಆ ದಿನ ರಕ್ತಶುದ್ಧಿಯಿಲ್ಲದೆಯೇ ಮರಳಿದೆವು.

1943ರಲ್ಲಿ ಹಾಲೆಂಡಿನ ಕಾಂಪೆನ್‌ನಲ್ಲಿ ವಿಲ್ಲೆಮ್ ಕೋಲ್ಫ್ ಕಟ್ಟಿದ ಕೃತಕ ಮೂತ್ರಪಿಂಡ ಕೆಲಸವನ್ನೇನೋ ಮಾಡಿತು. ಆದರೆ ಪ್ರತಿಸಲವೂ ಹೊಸ ರಕ್ತನಾಳ ಬೇಕಿತ್ತು. ಮೊದಲ ರೋಗಿಗೆ ಹನ್ನೆರಡು ಬಾರಿ ಮಾಡುವಷ್ಟರಲ್ಲಿ ನಾಳಗಳೇ ಮುಗಿದುಹೋದವು. 1960ರಲ್ಲಿ ಸಿಯಾಟಲ್‌ನ ಸ್ಕ್ರಿಬ್ನರ್ ರಕ್ತ ಸುಲಭವಾಗಿ ಅಂಟದ ಟೆಫ್ಲಾನ್ ಕೊಳವೆಯನ್ನು ತೋಳಿನಲ್ಲಿಯೇ ನೆಲೆಗೊಳಿಸಿದರು. ಧಮನಿಯನ್ನು ಸಿರೆಗೆ ಹೊಲಿಯುವ ಫಿಸ್ಟುಲಾ ಬಂದದ್ದು 1966ರಲ್ಲಿ. ತಮ್ಮನ ತೋಳಿನಲ್ಲಿ ಅದು ಬಲಿಯುವವರೆಗೆ ಕೊಳವೆಯೇ ಗತಿ.

ಸರದಿ ಮುಗಿದೊಡನೆ ದಾದಿ ಮುಖಗವಸು ಧರಿಸಿ, ಕೊಳವೆಯ ಬಾಯಿಯನ್ನು ಔಷಧದಿಂದ ಒರೆಸಿ, ಎರಡು ಕವಲುಗಳಿಗೂ ಅವುಗಳ ಮೇಲೆ ಬರೆದ ಅಳತೆಯಷ್ಟೇ ಹೆಪಾರಿನ್ ತುಂಬಿ ಮುಚ್ಚಳ ಬಿಗಿಯುತ್ತಾಳೆ. ಹೆಚ್ಚಾದರೆ ಅದು ಮೈಗೆ ಸೇರೀತು. 1916ರಲ್ಲಿ ಬಾಲ್ಟಿಮೋರಿನಲ್ಲಿ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿ ನಾಯಿಯ ಯಕೃತ್ತಿನಲ್ಲಿ ಕಂಡ ಸತ್ತ್ವದಿಂದ ಈ ಮದ್ದಿನ ಕಥೆ ಮೊದಲಾಯಿತು.

ಮನೆಯಲ್ಲಿ ಪಟ್ಟಿ ನೆನೆಯದಂತೆ ಕಾಯುವುದು ನನ್ನ ಪಾಲಿನ ಕೆಲಸ. ತಮ್ಮ ತುಂಗಭದ್ರೆಯ ಸ್ನಾನವನ್ನು ಬಿಟ್ಟಿದ್ದಾನೆ. ಏಕಾದಶಿಯಂದು ದಡದಲ್ಲಿಯೇ ನಿಂತು ಕೈಮುಗಿದು ಬರುತ್ತಾನೆ.